ಚುಕ್ಕಿ ಮೊದಲು ಕಾಣೋದು ಮರ ಹತ್ತಿದವರಿಗೆ

ಮೂರು ವರ್ಷದ ಹಿಂದಿನ ಮಾತು. ಮಳೆ ಸ್ವಲ್ಪ ಹೊಳವಾಗಿತ್ತು ಅಂತ ಅಡಿಕೆಗೆ ಎರಡನೇ ಸಲ ಮದ್ದು ಹೊಡೆಸುತ್ತಿದ್ದೆ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗಾರರು ಮೇಲಿಂದಲೇ ಕೂಗಿದರು, "ಅಕ್ಕಾ, ಈ ಸೋಗೆ ಯಾಕೋ ಸರಿ ಇಲ್ಲ ನೋಡಿ." ಕಡಿದು ಕೆಳಗೆ ಹಾಕಿದರು. ಎಲೆಯ ತುಂಬ ಕಂದು ಚುಕ್ಕಿ. ಕೆಲವು ಸಾಸಿವೆಯಷ್ಟು, ಕೆಲವು ಕಡಲೆಯಷ್ಟು, ಒಂದೊಂದರ ಸುತ್ತಲೂ ಹಳದಿ ಬಳೆ. ಪೊಟ್ಯಾಶ್ ಕಡಿಮೆಯಾಗಿರಬೇಕು ಅಂದುಕೊಂಡೆ. ಆದರೂ ಸಮಾಧಾನವಾಗದೆ ಎರಡು ಎಲೆಯನ್ನು ಪೇಪರಿನಲ್ಲಿ ಸುತ್ತಿ ಒಂದು ಕಚೇರಿಗೆ ಕೊಟ್ಟು ಬಂದೆ. ಉತ್ತರ ಇವತ್ತಿನವರೆಗೂ ಬಂದಿಲ್ಲ. ಮರುವರ್ಷದ ಮಳೆಗಾಲದ ಹೊತ್ತಿಗೆ ತೋಟದ ಆ ಮೂಲೆ ಪೂರ್ತಿ ಸುಟ್ಟ ಹಾಗೆ ಕಾಣುತ್ತಿತ್ತು.

ಎಲೆಚುಕ್ಕಿ ರೋಗ ಶುರುವಾಗೋದು ಕೆಳಗಿನ, ಬಲಿತ ಸೋಗೆಗಳಲ್ಲಿ. ಅಲ್ಲಿಂದ ಮಳೆಹನಿಯ ಜೊತೆ, ಗಾಳಿಯ ಜೊತೆ ಮೇಲಿನ ಸೋಗೆಗೆ, ಪಕ್ಕದ ಮರಕ್ಕೆ, ಬೇಲಿ ದಾಟಿ ಆಚೆ ತೋಟಕ್ಕೆ. ಮೊದಲ ಹತ್ತು ಮರದಲ್ಲಿದ್ದಾಗಲೇ ಗೊತ್ತಾದರೆ ಆ ಸೋಗೆ ಕಡಿದು ಸುಡಬಹುದು, ಅಕ್ಕಪಕ್ಕದವರೆಲ್ಲ ಸೇರಿ ಒಂದೇ ವಾರದಲ್ಲಿ ಮದ್ದು ಹೊಡೆಯಬಹುದು. ಊರಿಗೆಲ್ಲ ಹಬ್ಬಿದ ಮೇಲೆ ಒಬ್ಬರೇ ಹೊಡೆದು ಏನು ಪ್ರಯೋಜನ?

ಈಗ ಎಲ್ಲಿ ನೋಡಿದರೂ ಆ್ಯಪ್‌ಗಳ ಮಾತು. ಕೇಂದ್ರ ಸರ್ಕಾರವೂ 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆ ಶುರು ಮಾಡಿದೆ. ಫೋಟೋ ಕಳಿಸಿದರೆ ಕೀಟವೋ ರೋಗವೋ ಗುರುತಿಸಿ ಹೇಳುತ್ತದೆ. ಇದು ಬರಲೇಬೇಕಿತ್ತು, ಸಂತೋಷ. ಆದರೆ ಫೋಟೋ ನೋಡಿ ರೋಗ ಹೇಳುವ ಯಂತ್ರಗಳು ಎಲ್ಲಿ ಎಡವುತ್ತವೆ ಅನ್ನೋದನ್ನೂ ಮರೆಯಬಾರದು. ಪ್ಲಾಂಟ್‌ವಿಲೇಜ್ ಅನ್ನುವ ಹೆಸರುವಾಸಿ ಚಿತ್ರಸಂಗ್ರಹವಿದೆ. 14 ಬೆಳೆಗಳ 54 ಸಾವಿರಕ್ಕೂ ಹೆಚ್ಚು ಎಲೆ ಚಿತ್ರಗಳು, ಬಹುತೇಕ ಎಲೆ ಕಿತ್ತು ಒಂದೇ ಬಣ್ಣದ ಹಾಳೆಯ ಮೇಲಿಟ್ಟು ತೆಗೆದವು. ಅದರಲ್ಲಿ ಕಲಿತ ಯಂತ್ರ ಅದೇ ಸಂಗ್ರಹದ ಚಿತ್ರಗಳಲ್ಲಿ ಶೇ. 99ರಷ್ಟು ಸರಿ ಹೇಳಿತು. ಬೇರೆ ಕಡೆಯಿಂದ ತಂದ ಚಿತ್ರ ತೋರಿಸಿದಾಗ ಶೇ. 31ಕ್ಕೆ ಇಳಿಯಿತು. 2016ರಲ್ಲಿ ಆ ಸಂಶೋಧಕರೇ ಬರೆದುಕೊಂಡ ಲೆಕ್ಕ ಇದು. ಆ 14 ಬೆಳೆಗಳಲ್ಲಿ ಸೇಬಿದೆ, ಟೊಮೆಟೊ ಇದೆ, ಅಡಿಕೆ ಇಲ್ಲ.

ಅಡಿಕೆಯವರಿಗೆ ಇನ್ನೊಂದು ಕಷ್ಟ. ಫೋಟೋ ತೆಗೆಯೋದು ಹೇಗೆ? ಸೋಗೆ ಇರೋದು ಐವತ್ತು ಅಡಿ ಮೇಲೆ. ಕೆಳಗೆ ನಿಂತು ಫೋನ್ ಎತ್ತಿದರೆ ಕಾಣೋದು ಬಿಳಿ ಆಕಾಶ, ಅದರ ಮುಂದೆ ಕಪ್ಪು ಗರಿ. ಡ್ರೋನ್ ಹಾರಿಸಿದರೆ ಮೇಲಿನ ಎಳೆ ಸೋಗೆ ಚೆನ್ನಾಗಿ ಕಾಣುತ್ತದೆ, ರೋಗ ಶುರುವಾಗುವ ಕೆಳಗಿನದು ಅದರ ಮರೆಯಲ್ಲಿರುತ್ತದೆ.

ಮೊದಲೆಲ್ಲ ವರ್ಷಕ್ಕೆ ನಾಲ್ಕೈದು ಸಲವಾದರೂ ಯಾರಾದರೂ ಮರ ಹತ್ತುತ್ತಿದ್ದರು. ಗೊನೆ ಮಳೆಗೆ ನೆನೆಯದಂತೆ ಕೊಟ್ಟೆ ಕಟ್ಟಲು, ಮದ್ದಿಗೆ, ಗೊನೆ ತೆಗೆಯಲು. ಅವರ ಕಣ್ಣೇ ನಮ್ಮ ಕಣ್ಗಾವಲಾಗಿತ್ತು. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ. ಕೆಳಗೆ ನಿಂತೇ ಮದ್ದು, ಕೆಳಗೆ ನಿಂತೇ ಕೊಯ್ಲು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡಿದ್ದೇನೆ, ಹಾಗಾಗಿ ದೋಟಿ ಬೇಡ ಅಂತ ನನ್ನ ಬಾಯಲ್ಲಿ ಎಂದೂ ಬರುವುದಿಲ್ಲ. ಆದರೆ ಅದು ಬಂದ ಮೇಲೆ ಸೋಗೆಯನ್ನು ಹತ್ತಿರದಿಂದ ನೋಡುವವರೇ ಇಲ್ಲವಾದರು. ನಮಗೆ ಬೇಕಾದ ಉಪಕರಣ ಆ ದೋಟಿಯ ತುದಿಗೇ ಕೂರಬೇಕು: ನೀರಿಗೆ ಜಗ್ಗದ ಒಂದು ಸಣ್ಣ ಕ್ಯಾಮೆರಾ, ಒಂದು ಬೆಳಕು. ಮದ್ದು ಹೊಡೆಯುವಾಗಲೇ ಪ್ರತಿ ಮರದ ಕೆಳಸೋಗೆಯ ಚಿತ್ರ ಸೇರುತ್ತಾ ಹೋಗಬೇಕು.

ಇನ್ನು ಮಳೆಯ ಲೆಕ್ಕ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ನಮ್ಮ ಕೊಳೆರೋಗ ಮತ್ತು ಆಲೂಗಡ್ಡೆಯ ಅಂಗಮಾರಿ, ಎರಡಕ್ಕೂ ಕಾರಣ ಫೈಟಾಫ್ತೊರಾ ಅನ್ನುವ ಒಂದೇ ಕುಲದ ಜೀವಿಗಳು. ಬ್ರಿಟನ್ನಿನಲ್ಲಿ ಆಲೂಗಡ್ಡೆಗೆ 2017ರಿಂದ ಹಟನ್ ಮಾನದಂಡ ಬಳಸುತ್ತಾರೆ: ಸತತ ಎರಡು ದಿನ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯದೆ, ದಿನಕ್ಕೆ ಕನಿಷ್ಠ 6 ಗಂಟೆ ತೇವಾಂಶ ಶೇ. 90ರ ಮೇಲಿದ್ದರೆ ಆ ಭಾಗದ ರೈತರಿಗೆ ಎಚ್ಚರಿಕೆ ಹೋಗುತ್ತದೆ. ನಮ್ಮಲ್ಲಿ ಏನು ಕೊರತೆ? ಗ್ರಾಮ ಪಂಚಾಯಿತಿಗೊಂದು ಮಳೆಮಾಪಕವಿದೆ, ಹೋಬಳಿಯಲ್ಲಿ ಹವಾಮಾನ ಕೇಂದ್ರವಿದೆ. ಅದೇ ಮಳೆಮಾಪಕದ ಅಂಕಿ ಹಿಡಿದು ಅಡಿಕೆಗೆ ಬೆಳೆ ವಿಮೆ ಲೆಕ್ಕ ಹಾಕುತ್ತಾರೆ. ಫಸಲು ಹೋದ ಮೇಲೆ ದುಡ್ಡು ಎಣಿಸಲು ಆಗುವ ಅಂಕಿ, ಕೊಳೆ ಬರುವ ಮೊದಲು "ನಾಳೆ ಮದ್ದು ಹೊಡೆಯಿರಿ" ಅಂತ ಒಂದು ಮೆಸೇಜ್ ಕಳಿಸಲು ಯಾಕೆ ಆಗಬಾರದು? ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಅವರು ಕೊಳೆರೋಗದ ಮೂಲ ಹುಡುಕಿ ಬರೆದದ್ದು 1910ರಲ್ಲಿ. ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು ಅಂದಿನಿಂದ ನಮ್ಮ ಜೊತೆಗಿದೆ. ಯಾವ ದಿನ ಹೊಡೆಯಬೇಕು ಅನ್ನೋದನ್ನು ಮಾತ್ರ ಇನ್ನೂ ಮೋಡ ನೋಡಿಯೇ ತೀರ್ಮಾನಿಸುತ್ತಿದ್ದೇವೆ.

ನಮ್ಮವರಿಗೆ ಕಣ್ಣಿಲ್ಲ ಅಂತ ಯಾರೂ ಹೇಳುವಂತಿಲ್ಲ. ಆಫ್ರಿಕಾದ ಮೆಕ್ಕೆಜೋಳವನ್ನು 2016ರಿಂದ ತಿಂದು ಹಾಕುತ್ತಿದ್ದ ಫಾಲ್ ಸೈನಿಕ ಹುಳು ಭಾರತಕ್ಕೆ ಬಂದಿದೆ ಅಂತ 2018ರಲ್ಲಿ ಮೊದಲು ಗುರುತಿಸಿದವರು ನಮ್ಮ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರು. ಮೆಕ್ಕೆಜೋಳದ ಸುಳಿಯಲ್ಲಿದ್ದ ಹುಳುವಿನ ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕಿ. ಅಷ್ಟು ಸಣ್ಣದನ್ನು ಬಗ್ಗಿ ನೋಡಿದವರು ಇದ್ದದ್ದರಿಂದ ದೇಶಕ್ಕೆ ಗೊತ್ತಾಯಿತು.

ಒಂದು ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಚುಕ್ಕಿ ಕಂಡರೂ ನಮ್ಮಲ್ಲಿ ಎಷ್ಟೋ ಜನ ಸುಮ್ಮನಿರುತ್ತಾರೆ. ಸುದ್ದಿಯಾದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿಯುವ ಚೇಣಿದಾರರು ರೇಟು ಇಳಿಸುತ್ತಾರೆ ಅನ್ನುವ ಭಯ. ಆ ಭಯ ನನಗೂ ಇತ್ತು. ಹಾಗಾಗಿ ಯಾವ ವ್ಯವಸ್ಥೆ ಮಾಡಿದರೂ ಸರ್ವೆ ನಂಬರ್, ಮಾಲೀಕರ ಹೆಸರು ಹೊರಗೆ ಕಾಣಬಾರದು. ಊರಿನ ಹೆಸರು ಸಾಕು. ಚಿತ್ರ ಕಳಿಸಿದವರಿಗೆ ಎರಡು ದಿನದೊಳಗೆ ಕನ್ನಡದಲ್ಲಿ ಉತ್ತರ ಬರಬೇಕು. ಒಂದು ಸಲ ಉತ್ತರ ಬರದಿದ್ದರೆ ಎರಡನೇ ಸಲ ಯಾರೂ ಕಳಿಸುವುದಿಲ್ಲ. ಪೇಪರಿನಲ್ಲಿ ಎಲೆ ಸುತ್ತಿಕೊಂಡು ಹೋಗಿದ್ದ ನಾನೇ ಆಮೇಲೆ ಹೋಗಲಿಲ್ಲ.

ಹೋದ ವಾರ ಹಳೇ ಫೋನೊಂದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ದೋಟಿಯ ತುದಿಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ವಿಡಿಯೋ ಆನ್ ಮಾಡಿ ಏರಿಸಿದೆವು. ಮೊದಲ ಎರಡು ಮರದಲ್ಲಿ ಅಲುಗಾಡಿ ಏನೂ ಕಾಣಲಿಲ್ಲ. ಮೂರನೆಯದರಲ್ಲಿ ಕೊನೆಗಾರರು ದೋಟಿಯನ್ನು ಕಾಂಡಕ್ಕೆ ಆನಿಸಿ ಹಿಡಿದರು. ಕೆಳಗಿಳಿಸಿ ನೋಡಿದರೆ ಸೋಗೆಯ ಅಡಿಭಾಗ ಸ್ಪಷ್ಟವಾಗಿತ್ತು, ತುದಿಯಲ್ಲಿ ಏಳು ಚುಕ್ಕಿ. ಆ ವಿಡಿಯೋ ನನ್ನ ಹತ್ತಿರ ಇದೆ. ಇಂಥ ಕ್ಯಾಮೆರಾ ಮಾಡಬಲ್ಲ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಸಿ. ದೋಟಿ, ಮರ, ಮಧ್ಯಾಹ್ನದ ಊಟ ಎಲ್ಲ ನಮ್ಮದು.