ನೌಕರನನ್ನು ವಜಾ ಮಾಡುವ ಮುನ್ನ ಆರೋಪಪಟ್ಟಿ ಇನ್ನೊಮ್ಮೆ ಓದಿ

ಪೀಣ್ಯದ ಕಾರ್ಖಾನೆಯಾಗಲಿ, ಬೊಮ್ಮಸಂದ್ರದ್ದಾಗಲಿ, ಆಡಳಿತವರ್ಗದ ಪರ ವಕೀಲರ ಕೈಗೆ ಫೈಲು ಬರುವುದು ಸಾಮಾನ್ಯವಾಗಿ ವಜಾ ಆದೇಶ ಹೊರಟ ಮೇಲೆ. ಆಗಬೇಕಾದ ನಷ್ಟ ಅಷ್ಟು ಹೊತ್ತಿಗೆ ಆಗಿಹೋಗಿರುತ್ತದೆ. ನೌಕರ ತಪ್ಪು ಮಾಡಿದನೇ ಎನ್ನುವುದಕ್ಕೂ ಮೊದಲು ಆಂತರಿಕ ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂದು ಕಾರ್ಮಿಕ ನ್ಯಾಯಾಲಯ ನೋಡುತ್ತದೆ.

ಮೊದಲ ಎಡವಟ್ಟು ಆರೋಪಪಟ್ಟಿಯಲ್ಲೇ. ‘ಮೇಲಧಿಕಾರಿಯೊಂದಿಗೆ ಅನುಚಿತವಾಗಿ ವರ್ತಿಸಿದ್ದೀರಿ’ ಎಂದರೆ ಯಾವಾಗ, ಎಲ್ಲಿ, ಯಾರೊಂದಿಗೆ? ದಿನಾಂಕ, ಎರಡನೇ ಪಾಳಿ, ರಾತ್ರಿ 8.40, ಪ್ರೆಸ್ ಶಾಪ್, ಕೆಲಸ ಹೇಳಿದ ಸೂಪರ್‌ವೈಸರ್ ಹೆಸರು, ಹೇಳಿದ ಕೆಲಸ, ಅದಕ್ಕೆ ಬಂದ ಉತ್ತರ, ಎಲ್ಲವೂ ಬೇಕು. ಬೈಗುಳ ಎಷ್ಟೇ ಕೆಟ್ಟದ್ದಿರಲಿ, ಆಡಿದ ಹಾಗೇ ಬರೆಯಿರಿ. ಮುಜುಗರಪಟ್ಟು ‘ಅವಾಚ್ಯ ಶಬ್ದ’ ಎಂದು ಮುಚ್ಚಿಟ್ಟರೆ ಅದು ಎಷ್ಟು ಗಂಭೀರವೆಂದು ಅಳೆಯಲು ನ್ಯಾಯಾಲಯಕ್ಕೆ ಏನೂ ಉಳಿಯುವುದಿಲ್ಲ. ಸ್ಥಾಯಿ ಆದೇಶದ (ಕಾರ್ಖಾನೆಯ ಸೇವಾ ನಿಯಮಾವಳಿಯ) ಯಾವ ಕಲಮಿನಡಿ ಅದು ದುರ್ನಡತೆ ಎಂದೂ ನಮೂದಿಸಿ. ಕನ್ನಡ ಮಾತ್ರ ಓದಬಲ್ಲ ನೌಕರನಿಗೆ ಇಂಗ್ಲಿಷಿನ ಐದು ಪುಟ ಕೊಡುವುದು ಅನ್ಯಾಯ. ಅದೇ ಮುಂದೆ ಅವನ ಪರ ವಕೀಲರ ಮೊದಲ ಪ್ರಶ್ನೆಯೂ ಆಗುತ್ತದೆ.

ಘಟನೆ ಕಂಡ ಮ್ಯಾನೇಜರನ್ನೇ ವಿಚಾರಣಾಧಿಕಾರಿ ಮಾಡಬೇಡಿ. ಪ್ರತಿ ಸಾಕ್ಷಿಗೂ ಪಾಟೀಸವಾಲು ಹಾಕಲು ಅವಕಾಶ ಕೊಟ್ಟದ್ದು, ಮುಂದಿನ ತಾರೀಖು ತಿಳಿಸಿದ್ದು ನಡಾವಳಿಯಲ್ಲಿ ಬರಬೇಕು, ಪುಟಪುಟಕ್ಕೂ ಹಾಜರಿದ್ದವರ ಸಹಿ ಬೀಳಬೇಕು. ನೌಕರ ಬರಲೇ ಇಲ್ಲವೆಂದು ‘ಗೈರುಹಾಜರು, ಆರೋಪ ಸಾಬೀತು’ ಎಂದು ಎರಡೇ ಸಾಲಿನಲ್ಲಿ ಮುಗಿಸಿದ ವರದಿ ನಿಲ್ಲುವುದಿಲ್ಲ. ಏಕಪಕ್ಷೀಯ ವಿಚಾರಣೆಯಲ್ಲೂ ಸಾಕ್ಷಿ ನುಡಿಯಬೇಕು, ದಾಖಲೆ ಗುರುತಾಗಬೇಕು. ‘ಬಾಗಿಲು ಹಾಕಿದೆ’ ಎಂಬ ಶರಾದೊಂದಿಗೆ ವಾಪಸ್ಸು ಬಂದ ನೋಟಿಸಿನ ರಿಜಿಸ್ಟರ್ಡ್ ಲಕೋಟೆಯನ್ನು ಒಡೆಯದೆ ಫೈಲಿನಲ್ಲಿಡಿ.

ಅಮಾನತಿನ ಮೊದಲ 90 ದಿನ ಅರ್ಧ ವೇತನ, ಆಮೇಲೆ ವಿಳಂಬಕ್ಕೆ ನೌಕರ ಕಾರಣನಲ್ಲದಿದ್ದರೆ ಮುಕ್ಕಾಲು. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಹೀಗೇ ಇದೆ. ಹೊಟ್ಟೆಗಿಲ್ಲದವನು ವಿಚಾರಣೆ ಎದುರಿಸಲಾರ, ಆದ್ದರಿಂದ ಇದನ್ನು ತಡೆಹಿಡಿಯುವುದು ತಪ್ಪು.

ಶಿಕ್ಷೆಗೆ ಮುಂಚೆ ವಿಚಾರಣಾ ವರದಿಯ ಪ್ರತಿಯೊಂದಿಗೆ ನೋಟಿಸು ಕೊಟ್ಟು ಉತ್ತರ ಕೇಳಲೇಬೇಕು, ಇಸಿಐಎಲ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1993ರ ತೀರ್ಪಿನ ಪ್ರಕಾರ. ಹಳೆಯ ಎಚ್ಚರಿಕೆ ಪತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ಅದನ್ನೂ ಆ ನೋಟಿಸಿನಲ್ಲೇ ಹೇಳಿ.

ಇಷ್ಟಾದರೂ ಆಂತರಿಕ ವಿಚಾರಣೆ ನ್ಯಾಯವಾಗಿರಲಿಲ್ಲವೆಂದು ಕಾರ್ಮಿಕ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಆಗ ನ್ಯಾಯಾಲಯದಲ್ಲೇ ಹೊಸದಾಗಿ ಸಾಕ್ಷ್ಯ ಕೊಟ್ಟು ದುರ್ನಡತೆ ರುಜುವಾತು ಮಾಡುವ ಹಕ್ಕು ಮಾಲೀಕರಿಗಿದೆ. ಆದರೆ ಅದನ್ನು ನ್ಯಾಯಾಲಯಕ್ಕೆ ಸಲ್ಲಿಸುವ ಲಿಖಿತ ಹೇಳಿಕೆಯಲ್ಲೇ ಕೋರಿರಬೇಕೆಂದು ಕೆಎಸ್‌ಆರ್‌ಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲಿ ಹೇಳಿದೆ. ವಕೀಲರು ಆ ಹೇಳಿಕೆಯ ಕರಡು ಕಳಿಸಿದಾಗ ಎಚ್‌ಆರ್‌ನವರು ಮೊದಲು ಹುಡುಕಬೇಕಾದದ್ದು ಆ ಒಂದು ಪ್ಯಾರಾವನ್ನು.