ಹಾಡು ಕಟ್ಟಲು ಹಾರ್ಡ್‌ವೇರ್ ಸೀಕ್ವೆನ್ಸರ್ ಬೇಕೆ?

ಪರ: ಕಿವಿ ನಂಬಿ, ಪರದೆ ಬಿಡಿ

ಪೆಟ್ಟು, ಸ್ವರಗಳನ್ನು ಗುಂಡಿ ಒತ್ತಿ ಜೋಡಿಸಿಟ್ಟರೆ ಕಂಪ್ಯೂಟರ್ ಇಲ್ಲದೆ ತಾನೇ ನುಡಿಸುವ ಯಂತ್ರವೇ ಹಾರ್ಡ್‌ವೇರ್ ಸೀಕ್ವೆನ್ಸರ್. ಲಯ ಹುಟ್ಟಬೇಕಾದ್ದು ಕಿವಿಯಲ್ಲಿ, ಬೆರಳಲ್ಲಿ. ಕಂಪ್ಯೂಟರ್ ಮುಂದೆ ಕೂತರೆ ಹಾಡು ಬಣ್ಣದ ಪಟ್ಟಿಗಳಾಗಿ ಕಾಣುತ್ತದೆ. ಎಲ್ಲೋ ಖಾಲಿ ಕಂಡಿತು ಅಂತ ಇನ್ನೊಂದು ವಾದ್ಯ ತುರುಕುತ್ತೇವೆ. ಅದು ಕಿವಿಗೆ ಬೇಕಿತ್ತಾ ಅಂತ ಕೇಳಿಕೊಳ್ಳುವುದೇ ಇಲ್ಲ.

1980ರ ರೋಲ್ಯಾಂಡ್ ಟಿಆರ್-808 ಎಂಬ ಡ್ರಮ್ ಯಂತ್ರ ನೋಡಿ. ಕೆಳಗೆ ಸಾಲಾಗಿ 16 ಗುಂಡಿಗಳು. ಯಾವುದನ್ನು ಒತ್ತುತ್ತೀರೋ ಆ ಜಾಗದಲ್ಲಿ ಪೆಟ್ಟು ಬೀಳುತ್ತದೆ. ಲಯ ಓಡುತ್ತಿರುವಾಗಲೇ ಸೇರಿಸಬಹುದು, ತೆಗೆಯಬಹುದು. ರೋಜರ್ ಲಿನ್ ರೂಪಿಸಿದ ಅಕೈ ಎಂಪಿಸಿ60 ಬಂದದ್ದು 1988ರಲ್ಲಿ. ಅದರಲ್ಲಿ 16 ರಬ್ಬರ್ ಪ್ಯಾಡ್‌ಗಳು. ಜೋರಾಗಿ ಹೊಡೆದರೆ ಜೋರು ದನಿ, ಮೆಲ್ಲಗೆ ತಟ್ಟಿದರೆ ಮೆಲುದನಿ. ಸ್ವಿಂಗ್ ಜಾಸ್ತಿ ಮಾಡಿದರೆ ಒಂದು ಬಿಟ್ಟು ಒಂದು ಪೆಟ್ಟು ಕೊಂಚ ತಡವಾಗಿ ಬಿದ್ದು, ಲಯ ತೂಗತೊಡಗುತ್ತದೆ. ಅಮೆರಿಕದ ಹಿಪ್‌ಹಾಪ್ ಎಷ್ಟೋ ಮಟ್ಟಿಗೆ ಈ ಪ್ಯಾಡ್‌ಗಳ ಮೇಲೇ ಬೆಳೆಯಿತು.

ಅಷ್ಟು ದೂರ ಯಾಕೆ, ಮುಂಬೈಯ ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಇದೇ 808 ಮತ್ತು ಟಿಬಿ-303 ಎಂಬ ಬೇಸ್ ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿದರು. ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಎಂಬ ವ್ಯವಸ್ಥೆ ಇನ್ನೂ ಬಂದಿರಲಿಲ್ಲ. ಹಲವು ವರ್ಷಗಳ ನಂತರ ಯುರೋಪಿನ ಕೇಳುಗರು ಅದನ್ನು ಕೇಳಿ ಬೆರಗಾದರು. ಇಷ್ಟು ಸಣ್ಣ ಯಂತ್ರದಿಂದ ಅಷ್ಟು ದೊಡ್ಡ ಕೆಲಸ!

"ಈ ಯಂತ್ರಗಳಲ್ಲಿ ನೆನಪಿನ ಜಾಗ ಕಡಿಮೆ" ಎನ್ನುವವರಿದ್ದಾರೆ. ಕೊನೆಯಿಲ್ಲದಷ್ಟು ಜಾಗ ಬೇಕು ಎನ್ನುವವರು ಹಾಡು ಮುಗಿಸುವುದೇ ಇಲ್ಲ. ಮಿತಿ ಇದ್ದರೆ ಬೇಡದ್ದು ತಾನಾಗಿ ಉದುರುತ್ತದೆ. ಉಳಿದದ್ದೇ ಹಾಡು.

ವಿರೋಧ: ಗಮಕ ಎಲ್ಲಿ ಕೂರಿಸುವುದು?

ವಿರೋಧ ಬರೆಯಿರಿ ಎಂದರು, ಒಪ್ಪಿಕೊಂಡೆ. ಆ ಗುಂಡಿಗಳು ನನಗೂ ಇಷ್ಟವೇ. ಆದರೆ ನಮ್ಮ ಸ್ವರ ಒಂದೇ ಕಡೆ ನಿಲ್ಲುವುದಿಲ್ಲ, ಅಲ್ವಾ? ತೋಡಿಯ ಗಾಂಧಾರ ಸದಾ ತೂಗುತ್ತಿರುತ್ತದೆ. ಗುಂಡಿಗೊಂದು ಸ್ವರ ಇಡುವ ಯಂತ್ರದಲ್ಲಿ ಆ ತೂಗಾಟ ತರುವುದು ಬಲು ಕಷ್ಟ. ಕಂಪ್ಯೂಟರ್‌ನಲ್ಲಾದರೆ ಸ್ವರ ಬಾಗುವ ಗೆರೆಯನ್ನು ಕೈಯಾರೆ ಎಳೆಯಬಹುದು, ತಿದ್ದಬಹುದು.

ಮೈಸೂರಿನ ನನ್ನ ಗೆಳೆಯನೊಬ್ಬ ನಾಟಕಕ್ಕೆ ಹಿನ್ನೆಲೆ ಲಯಗಳನ್ನು ಹಳೆಯ ಯಂತ್ರವೊಂದರಲ್ಲಿ ಕಟ್ಟಿದ್ದ. ಅದರ ನೆನಪು ನಿಂತಿದ್ದು ಬ್ಯಾಟರಿಯ ಮೇಲೆ. ತಾಲೀಮಿನ ದಿನ ಬ್ಯಾಟರಿ ಸತ್ತಿತು, ಪ್ಯಾಟರ್ನ್‌ಗಳೆಲ್ಲ ಅಳಿಸಿಹೋದವು. ಪಾಪ, ರಾತ್ರಿಯಿಡೀ ಕೂತು ನೆನಪಿದ್ದಷ್ಟನ್ನು ಮತ್ತೆ ಒತ್ತಿದ. ಯುದ್ಧದ ದೃಶ್ಯದ ಲಯ ಮಾತ್ರ ಮೊದಲಿನಂತೆ ಬರಲೇ ಇಲ್ಲ. ನಟರ ಹೆಜ್ಜೆಗಳು ಹಳೆಯ ಲಯಕ್ಕೆ ಹೊಂದಿಕೊಂಡಿದ್ದವು. ಕೊನೆಗೆ ಆ ದೃಶ್ಯಕ್ಕೆ ಚಂಡೆಯವರನ್ನು ಕರೆಸಿದರು.

ಈಗಿನ ಯಂತ್ರಗಳು ಕಾರ್ಡಿನಲ್ಲಿ ಉಳಿಸಿಕೊಳ್ಳುತ್ತವೆ, ನಿಜ. ಆದರೂ ಕಂಪ್ಯೂಟರ್‌ನಲ್ಲಿ ಹಾಡು ಒಂದು ಫೈಲ್. ನಾಲ್ಕು ಕಡೆ ನಕಲು ಇಡಬಹುದು. ನಿರ್ದೇಶಕರಿಗೆ ರಾತ್ರಿಯೇ ಕಳಿಸಬಹುದು.