ಹಳೇ ಪಿಸ್ತೂಲನ್ನು ಹೊಸದಾಗಿ ಮಾಡಿ, ಆದರೆ ನಿಮ್ಮ ಹೆಸರು ಹಾಕಿ

ಹಳೇ ಕಾಲದ ಪಿಸ್ತೂಲುಗಳನ್ನು ಇವತ್ತು ಕೈಯಾರೆ ಹೊಸದಾಗಿ ಮಾಡುವವರಿದ್ದಾರೆ. ಕೊಳ್ಳುವವರು ಕಡಿಮೆ, ಮಾಡುವವರು ಇನ್ನೂ ಕಡಿಮೆ. ಸಂಗ್ರಹಕಾರರಲ್ಲಿ ಎಷ್ಟೋ ಜನ ಇವರ ಕೆಲಸವನ್ನು "ನಕಲಿ ಮಾಲು" ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಳೆಯದರ ಹಾಗೇ ಮಾಡುವುದರಲ್ಲಿ ತಪ್ಪೇನಿಲ್ಲ. ಮಾಡಿದವನ ಗುರುತು ಅಳಿಸಿ, ಹಳೆಯದೇ ಅಂತ ಮಾರುವುದು ತಪ್ಪು. ಈ ಎರಡನ್ನೂ ಬೆರೆಸಿ ಮಾತಾಡಿದರೆ ಒಳ್ಳೇ ಕೆಲಸಗಾರನಿಗೆ ಅನ್ಯಾಯವಾಗುತ್ತದೆ.

ಅಮೆರಿಕದ ಕೋಲ್ಟ್ ಕಂಪನಿಯ ವಾಕರ್ ರಿವಾಲ್ವರನ್ನೇ ತಗೊಳ್ಳಿ. ಹತ್ತಿರ ಹತ್ತಿರ ಎರಡು ಕೆಜಿ ತೂಕ. 1847ರಲ್ಲಿ ಸುಮಾರು 1,100 ಮಾತ್ರ ತಯಾರಾದವು. ಅವುಗಳಲ್ಲಿ ಎಷ್ಟೋ ಬಳಕೆಯಲ್ಲೇ ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಭಾಗ, ಸಿಡಿದು ಹಾಳಾದವು. 2018ರಲ್ಲಿ ಅಮೆರಿಕದ ಹರಾಜೊಂದರಲ್ಲಿ ಪೆಟ್ಟಿಗೆ ಸಮೇತ ಇದ್ದ ಒಂದು ವಾಕರ್ 18.4 ಲಕ್ಷ ಡಾಲರಿಗೆ ಹೋಯಿತು. ಇಂಥದ್ದಕ್ಕೆ ಯಾರು ಮದ್ದು ತುಂಬಿ ಗುಂಡು ಹಾರಿಸುತ್ತಾರೆ? ಅದು ಗಾಜಿನ ಪೆಟ್ಟಿಗೆಯೊಳಗೇ ಇರಬೇಕು. ಅದನ್ನು ಕೈಯಲ್ಲಿ ಹಿಡಿದಾಗ ಭಾರ ಹೇಗಿರುತ್ತದೆ, ಹಿಂದಿನ ಸುತ್ತಿಗೆ (ಹ್ಯಾಮರ್) ಎಳೆದಾಗ ಸಿಲಿಂಡರ್ ಹೇಗೆ ತಿರುಗುತ್ತದೆ ಅಂತ ತಿಳಿಯಬೇಕಾದರೆ ಹೊಸದಾಗಿ ಮಾಡಿದ್ದೇ ಗತಿ.

ಈ ವ್ಯಾಪಾರಕ್ಕೆ ಜೀವ ಬಂದದ್ದು 1950ರ ದಶಕದ ಕೊನೆಯಲ್ಲಿ. ಅಮೆರಿಕದ ಅಂತರ್ಯುದ್ಧಕ್ಕೆ ನೂರು ವರ್ಷ ತುಂಬುವ ಸಮಯ. ಆ ಕಾಲದ ರಿವಾಲ್ವರ್ ಬೇಕು ಅನ್ನುವವರು ಜಾಸ್ತಿಯಾದರು. ವಾಲ್ ಫೋರ್ಜೆಟ್ ಎಂಬ ಅಮೆರಿಕನ್ ವ್ಯಾಪಾರಿ ಕೆಲಸ ಮಾಡಿಸಲು ಹೋದದ್ದು ಇಟಲಿಗೆ. ಬ್ರೆಶಿಯಾ ನಗರದ ಉತ್ತರಕ್ಕೆ ಕಣಿವೆಯೊಂದರಲ್ಲಿ ಗಾರ್ಡೋನೆ ವಾಲ್ ಟ್ರೋಂಪಿಯಾ ಅಂತ ಒಂದು ಊರಿದೆ. 1851ರ ಕೋಲ್ಟ್ ನೇವಿ ರಿವಾಲ್ವರ್ ಅಲ್ಲಿ ಮರುಹುಟ್ಟು ಪಡೆಯಿತು. ಆಲ್ಡೋ ಉಬೆರ್ಟಿ 1959ರಲ್ಲಿ ಶುರು ಮಾಡಿದ ಕಂಪನಿ ಇವತ್ತಿಗೂ ಇದೇ ಕೆಲಸ ಮಾಡುತ್ತಿದೆ.

ಆ ಕಣಿವೆಗೆ ಈ ಕಸಬು ಹೊಸದೇನಲ್ಲ. 1526ರಲ್ಲೇ ಬೆರೆಟ್ಟಾ ಮನೆತನ ವೆನಿಸ್‌ನ ಶಸ್ತ್ರಾಗಾರಕ್ಕೆ 185 ನಳಿಕೆಗಳನ್ನು ಮಾರಿದ ದಾಖಲೆಯಿದೆ. ಅದೇ ಊರಿನ ಕೊಮಿನಾಝೋ ಮನೆತನ ಮಾಡಿದ ಪಿಸ್ತೂಲಿನ ನಳಿಕೆಗಳು ಎಷ್ಟು ಹೆಸರುವಾಸಿಯಾಗಿದ್ದವು ಅಂದರೆ, ಯುರೋಪಿನ ಎಲ್ಲೆಲ್ಲಿಯೋ ಕೂತ ಕಮ್ಮಾರರು ತಮ್ಮ ನಳಿಕೆಯ ಮೇಲೆ "ಲಾಝಾರಿನೋ ಕೊಮಿನಾಝೋ" ಅಂತ ಕೆತ್ತಿ ಮಾರುತ್ತಿದ್ದರು. ಅಂದರೆ ಮೋಸಕ್ಕೂ ನಾನೂರು ವರ್ಷದ ಇತಿಹಾಸವಿದೆ! ಆ ಕಮ್ಮಾರರ ಕೆಲಸ ಕೆಟ್ಟದ್ದೇ ಇರಬೇಕು ಅಂತೇನಿಲ್ಲ. ಸುಳ್ಳಾಗಿದ್ದದ್ದು ಹೆಸರು.

ಕಾರ್ಖಾನೆಯಲ್ಲಿ ತಯಾರಾಗುವ ಪ್ರತಿಕೃತಿಗಳು ಕೆಲವು ನೂರು ಡಾಲರಿಗೆ ಸಿಗುತ್ತವೆ. ನನಗೆ ಹೆಚ್ಚು ಗೌರವ ಇರುವುದು ಒಂದೊಂದನ್ನೇ ಕೂತು ಮಾಡುವವರ ಮೇಲೆ. ಅದಕ್ಕೆ ಲೂಗರ್‌ಗಿಂತ ಒಳ್ಳೇ ಉದಾಹರಣೆ ಸಿಗಲಾರದು. ಜರ್ಮನ್ ಸೇನೆ 1908ರಲ್ಲಿ ತಗೊಂಡ ಪಿಸ್ತೂಲು ಅದು. ಅದರ ಮೇಲ್ಭಾಗ ಮೊಣಕಾಲಿನ ಹಾಗೆ ಮಡಚಿ ಬಿಚ್ಚಿಕೊಳ್ಳುತ್ತದೆ. ಒಂದು ಪಿನ್ನು ಕೂದಲೆಳೆಯಷ್ಟು ಆಚೀಚೆ ಆದರೂ ಗುಂಡು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಆಗಿನ ಕೆಲಸಗಾರರು ಬಿಡಿಭಾಗಗಳನ್ನು ಆಯಾ ಪಿಸ್ತೂಲಿಗೇ ಹೊಂದಿಸಿ, ಸಣ್ಣ ಸಣ್ಣ ಭಾಗದ ಮೇಲೂ ಆ ಪಿಸ್ತೂಲಿನ ಸಂಖ್ಯೆಯ ಕೊನೆಯ ಎರಡು ಅಂಕಿ ಒತ್ತುತ್ತಿದ್ದರು. ಇವತ್ತು ಅದನ್ನು ಮತ್ತೆ ಮಾಡುವವನೂ ಅರ ಹಿಡಿದು ಅದೇ ಕೆಲಸ ಮಾಡಬೇಕು. ಯಂತ್ರ ಮುಕ್ಕಾಲು ದಾರಿ ತಂದು ಬಿಡುತ್ತದೆ, ಉಳಿದದ್ದು ಕೈಯದ್ದೇ.

ಬಣ್ಣ ಹಿಡಿಸುವುದಂತೂ ತಾಳ್ಮೆಯ ಕೆಲಸ. ಉಕ್ಕಿಗೆ ದ್ರಾವಣ ಸವರಿ, ತೇವದಲ್ಲಿಟ್ಟು, ಬೇಕಂತಲೇ ತೆಳ್ಳಗೆ ತುಕ್ಕು ಹಿಡಿಸುತ್ತಾರೆ. ಆಮೇಲೆ ಕುದಿಯುವ ನೀರಿನಲ್ಲಿ ಮುಳುಗಿಸುತ್ತಾರೆ. ಕೆಂಪು ತುಕ್ಕು ಕಪ್ಪಾಗುತ್ತದೆ. ಮೇಲಿನ ಪುಡಿಯನ್ನು ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಶುರು. ಹೀಗೆ ಪದರದ ಮೇಲೆ ಪದರ ಕೂತ ಮೇಲೆ ಆ ಆಳವಾದ ನೀಲಿಗಪ್ಪು ಬರುತ್ತದೆ. ಟ್ರಿಗರ್‌ನಂಥ ಸಣ್ಣ ಭಾಗಗಳನ್ನು ಹದವಾಗಿ ಕಾಯಿಸಿ ಒಣಹುಲ್ಲಿನ ಹಳದಿ ಬಣ್ಣ ತರಿಸುತ್ತಾರೆ. ಹಳೇ ಲೂಗರ್ ಬಿಚ್ಚಿದರೆ ಒಳಮೈ ಬಿಳೀ ಉಕ್ಕಾಗಿಯೇ ಉಳಿದಿರುತ್ತದೆ, ಯಾಕೆಂದರೆ ದ್ರಾವಣ ಸವರುತ್ತಿದ್ದದ್ದು ಹೊರಗೆ ಮಾತ್ರ. 1937ರಲ್ಲಿ ಲೂಗರ್ ಮಾಡುತ್ತಿದ್ದ ಮೌಸರ್ ಕಾರ್ಖಾನೆ ಇಡೀ ಭಾಗವನ್ನೇ ಬಿಸಿ ಲವಣದಲ್ಲಿ ಅದ್ದುವ ಕ್ರಮಕ್ಕೆ ಬಂತು. ಆಮೇಲಿನವುಗಳಲ್ಲಿ ಒಳಗೂ ನೀಲಿ. ಈ ವ್ಯತ್ಯಾಸ ಗೊತ್ತಿದ್ದು, ಯಾರೂ ಬಿಚ್ಚಿ ನೋಡದ ಜಾಗವನ್ನೂ ಸರಿಯಾಗಿ ಮಾಡುವವನನ್ನು ನಕಲಿಗಾರ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯ. 1907ರಲ್ಲಿ ಅಮೆರಿಕದ ಸೇನೆ .45 ಕ್ಯಾಲಿಬರ್ (ಇಂಚಿನ ಲೆಕ್ಕದಲ್ಲಿ ನಳಿಕೆಯ ಒಳಅಗಲ) ಪಿಸ್ತೂಲುಗಳನ್ನು ಪರೀಕ್ಷಿಸಿತು. ಅದಕ್ಕಾಗಿ ಲೂಗರ್‌ನಲ್ಲೂ ಬೆರಳೆಣಿಕೆಯಷ್ಟು .45 ತಯಾರಾದವು. ಮುಂದೆ ಗೆದ್ದದ್ದು ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್, 1911ರಲ್ಲಿ. ದೊಡ್ಡ ಲೂಗರ್ ಅಲ್ಲಿಗೇ ನಿಂತುಹೋಯಿತು. ಇವತ್ತು ಅದನ್ನು ಹೊಸದಾಗಿ ಮಾಡುವ ಸಣ್ಣ ವರ್ಕ್‌ಶಾಪ್ ಅಮೆರಿಕದಲ್ಲಿದೆ. ಬೆಲೆ ಸಾವಿರಾರು ಡಾಲರ್. ಇಷ್ಟು ದುಬಾರಿಯಾ ಅಂತ ಕೇಳುವವರು ಗಂಟೆಗಳ ಲೆಕ್ಕ ಹಾಕಿ ನೋಡಲಿ. ಇಂಥ ಕೆಲಸಕ್ಕೆ ದೊಡ್ಡ ಕಂಪನಿ ಕೈ ಹಾಕುವುದಿಲ್ಲ. ಹಾಕಿದರೆ ನಷ್ಟವೇ.

ಈಗ ಗುರುತಿನ ಮಾತು. ಇಟಲಿಯಲ್ಲಿ ಮಾಡಿದ ಪ್ರತಿಯೊಂದು ಪಿಸ್ತೂಲೂ ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರಬೇಕು. ಅಲ್ಲಿ ಮುದ್ರೆ ಬೀಳುತ್ತದೆ. ಕಪ್ಪು ಮದ್ದಿನದ್ದಾದರೆ "ಪಿಎನ್" ಅಕ್ಷರ, ಪಕ್ಕದಲ್ಲಿ ಸಣ್ಣ ಚೌಕದೊಳಗೆ ವರ್ಷದ ಸಂಕೇತ. 1975ಕ್ಕೆ "ಎಎ", ಅಲ್ಲಿಂದ ಮುಂದಕ್ಕೆ ಅಕ್ಷರ ಬದಲಾಗುತ್ತಾ ಹೋಗುತ್ತದೆ. ಭೂತಗನ್ನಡಿ ಹಿಡಿದರೆ ಸಾಕು, ಹುಟ್ಟಿದ ವರ್ಷ ಗೊತ್ತಾಗುತ್ತದೆ.

ಯುದ್ಧದ ಮರುಪ್ರದರ್ಶನ ಮಾಡುವ ಕೆಲವರಿಗೆ ಈ ಮುದ್ರೆ ಕಣ್ಣು ಚುಚ್ಚುತ್ತದೆ. ಅದನ್ನು ಉಜ್ಜಿಸಿ ಹಳೇ ಕಾಲದ ಅಕ್ಷರ ಕೆತ್ತಿಸುತ್ತಾರೆ. ಇದಕ್ಕೆ "ಡಿಫಾರ್ಬಿಂಗ್" ಅಂತ ಹೆಸರೇ ಇದೆ. ಅವರ ಉದ್ದೇಶ ಒಳ್ಳೆಯದೇ, ಮೈದಾನದಲ್ಲಿ ಎಲ್ಲವೂ ಆ ಕಾಲದ್ದಾಗಿ ಕಾಣಬೇಕು ಅಷ್ಟೆ. ಆದರೆ ಅವರ ನಂತರ ಆ ಪಿಸ್ತೂಲು ಯಾರ ಕೈಗೆ ಹೋಗುತ್ತದೆ? ಮೂವತ್ತು ವರ್ಷ ಬಳಸಿ ಸವೆದದ್ದನ್ನು, ಗುರುತಿಲ್ಲದ್ದನ್ನು, ಯಾರೋ ಒಬ್ಬ ಅಸಲಿ ಅಂತ ಮಾರಿಯೇ ಮಾರುತ್ತಾನೆ. ಆಸಿಡ್ ಹಾಕಿ ಬೇಕಂತಲೇ ಮುಪ್ಪು ತರಿಸುವವರ ಬಗ್ಗೆ ಹೇಳುವುದೇ ಬೇಡ.

ಹೀಗಾಗಿ ನನ್ನ ಕೋರಿಕೆ ಮಾಡುವವರಿಗೇ. ನಿಮ್ಮ ಹೆಸರು, ವರ್ಷ ಎರಡನ್ನೂ ಆಳವಾಗಿ ಕೆತ್ತಿ. ಮರದ ಹಿಡಿಯ ಕೆಳಗೆ ಮಾತ್ರ ಬಚ್ಚಿಟ್ಟರೆ ಸಾಲದು, ಹಿಡಿ ಬದಲಾಯಿಸಿದರೂ ಕಾಣುವ ಹಾಗೆ ಉಕ್ಕಿನ ಮೇಲೇ ಇರಲಿ. ಗಿರಾಕಿ ಬೇಡ ಅಂದರೂ ಬಿಡಬೇಡಿ. ಕೋಲ್ಟ್ ಕಂಪನಿಯೇ 1970ರ ದಶಕದಲ್ಲಿ ತನ್ನ ಹಳೇ ರಿವಾಲ್ವರುಗಳನ್ನು ಮತ್ತೆ ಮಾರಿದಾಗ, ಅವುಗಳ ಎಷ್ಟೋ ಭಾಗ ಇಟಲಿಯ ಉಬೆರ್ಟಿಯಿಂದ ಬಂದಿತ್ತು. ಮೇಲೆ ಇದ್ದದ್ದು ಮಾತ್ರ ಕೋಲ್ಟ್ ಹೆಸರು. ಆ ಕಣಿವೆಯ ಕೆಲಸಗಾರನ ಹೆಸರೂ ಪಕ್ಕದಲ್ಲಿ ಇರಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ನೀವೇನಂತೀರಿ?